ಹಾಲೇಶಣ್ಣನ ಆಶೀರ್ವಾದ

“ಅಜ್ಜಾರೆ, ಒಬ್ಬ ಮನುಷ್ಯನನ್ನು ಮನಸ್ಸಿನಿಂದ ಪೂರ್ತಿಯಾಗಿ ಅಳಿಸಿಹಾಕುವುದು ಹೇಗೆ?”

ಕೇಳಿದವನು ರೇವಣಸಿದ್ಧ. ಮಠಕ್ಕೆ ಬಂದು ವರ್ಷ ತುಂಬುತ್ತಾ ಬಂದಿತ್ತು. ಕೇಳುವಾಗಲೂ ಅವನು ಕುಳಿತಲ್ಲಿ ಕುಳಿತಿರಲಿಲ್ಲ. ಕಟ್ಟೆಯ ತುದಿಗೆ ಬಂದ, ಹಿಂದಕ್ಕೆ ಸರಿದ, ಕೈಯಲ್ಲಿದ್ದ ಜಪಮಾಲೆಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

ಅವನು ಹೇಳಿದ್ದಿಷ್ಟು. ಊರಿನಲ್ಲಿ ಒಬ್ಬನಿದ್ದಾನೆ. ಹೊರಗಿನವನಲ್ಲ, ಒಂದೇ ತಟ್ಟೆಯಲ್ಲಿ ಉಂಡವನು. ಅವನು ಒಂದು ಮಾತು ಅಂದ. ಆ ಮಾತನ್ನು ಮರೆಯಬೇಕೆಂದೇ ರೇವಣಸಿದ್ಧ ಊರು ಬಿಟ್ಟ, ಮಠ ಸೇರಿದ, ನಸುಕಿನಲ್ಲಿ ಏಳುವುದನ್ನು ಕಲಿತ, ಒಪ್ಪೊತ್ತಿನ ಊಟಕ್ಕೆ ಒಗ್ಗಿಕೊಂಡ. ಆದರೂ ಮಣಿ ಸರಿಸಿದಂತೆಲ್ಲ ಅವನದೇ ಮುಖ ಬರುತ್ತದೆ. ಬಾಯಲ್ಲಿ ಶಿವನ ಹೆಸರು, ಎದೆಯಲ್ಲಿ ಅವನ ಹೆಸರು.

“ಇದಕ್ಕಿಂತ ಗಟ್ಟಿಯಾದ ಮಂತ್ರ ಕೊಡಿ. ಇಲ್ಲವೇ ಉಪವಾಸ ಹೇಳಿ. ಏನು ಹೇಳಿದರೂ ಮಾಡುತ್ತೇನೆ. ಸುಮ್ಮನಿರು ಎಂದು ಮಾತ್ರ ಹೇಳಬೇಡಿ, ಅದು ನನ್ನಿಂದ ಆಗುವುದಿಲ್ಲ.”

ಮಠದ ಹಿರಿಯರಾದ ಅಜ್ಜಾರು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಮೊದಲು ಆ ಮಾಲೆ ಕೆಳಗಿಡು. ದಾರ ಹರಿದರೆ ಮಣಿ ಆರಿಸುವವನು ನಾನಲ್ಲ” ಎಂದರು. ಅವನು ಇಟ್ಟ. ಆಮೇಲೆ ಅವರು ಒಂದು ಕತೆ ಹೇಳಿದರು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಮೋಟಾರ್ ಸೈಕಲ್ಲಿನ ಹಿಂದೆ ಎರಡೂ ಕಡೆ ದೊಡ್ಡ ಚೀಲ ಕಟ್ಟಿ, ಅದರಲ್ಲಿ ಕೊಡ, ಚೊಂಬು, ತಂಬಿಗೆ, ಕೊಳಗ ತುಂಬಿಕೊಂಡು ಹಳ್ಳಿ ಹಳ್ಳಿ ತಿರುಗುತ್ತಿದ್ದ. ಅವನು ಬರುವುದಕ್ಕಿಂತ ಮೊದಲೇ ಅವನ ಸದ್ದು ಊರೊಳಗೆ ಬರುತ್ತಿತ್ತು. ಹೆಂಗಸರು ಅಟ್ಟದ ಮೇಲಿನ ಹಳೆಯ ಹಿತ್ತಾಳೆ ತಂದು ಅವನ ಮುಂದೆ ಸುರಿಯುತ್ತಿದ್ದರು. ಅವನು ಜಗಲಿಯ ಮೇಲೆ ಕುಳಿತು, ಹುಣಸೆಹಣ್ಣು ಬೂದಿ ಹಚ್ಚಿ, ತೆಂಗಿನ ನಾರಿನಿಂದ ಉಜ್ಜಿ ತೋರಿಸುತ್ತಿದ್ದ. ಎಷ್ಟೇ ಕಪ್ಪಾದ ತಂಬಿಗೆಯೂ ಅವನ ಕೈಯಲ್ಲಿ ಬಂಗಾರದ ಬಣ್ಣಕ್ಕೆ ತಿರುಗುತ್ತಿತ್ತು. ಉಜ್ಜಿದರೆ ಹೋಗದ ಕಲೆ ಲೋಕದಲ್ಲೇ ಇಲ್ಲ ಎಂದು ಅವನು ನಂಬಿದ್ದ. ಪಾತ್ರೆ ವ್ಯಾಪಾರಿಗೆ ಅದು ಒಳ್ಳೆಯ ನಂಬಿಕೆ.

ಅವನ ಗಾಡಿಯ ಕಪ್ಪು ಟ್ಯಾಂಕಿನ ಮೇಲೆ ಹಳದಿ ರೇಡಿಯಂ ಅಕ್ಷರಗಳಲ್ಲಿ ‘ಹಾಲೇಶಣ್ಣನ ಆಶೀರ್ವಾದ’ ಎಂದು ಅಂಟಿಸಿತ್ತು. ಹಾಲೇಶ ಅವನಿಗಿಂತ ಹಿರಿಯ ಪಾತ್ರೆ ವ್ಯಾಪಾರಿ. ಇವನು ಮೀಸೆ ಚಿಗುರುವ ವಯಸ್ಸಿನಲ್ಲಿ ಕೆಲಸ ಹುಡುಕಿಕೊಂಡು ಬಂದಾಗ ಜೊತೆಯಲ್ಲಿ ಕರೆದುಕೊಂಡು ತಿರುಗಿದವನು. ಪಾತ್ರೆಯನ್ನು ಬೆರಳಿನಿಂದ ತಟ್ಟಿ, ಸದ್ದಿನಲ್ಲೇ ಲೋಹ ಗುರುತಿಸುವುದನ್ನು ಕಲಿಸಿದವನು. ಕೊನೆಗೆ ತಾನು ತಿರುಗುತ್ತಿದ್ದ ಹಳ್ಳಿಗಳಲ್ಲೇ ಒಂದಷ್ಟನ್ನು ಇವನಿಗೆ ಬಿಟ್ಟುಕೊಟ್ಟವನು. ಗಾಡಿ ಕೊಂಡ ದಿನ ವ್ಯಾಪಾರಿ ಮನೆಗೂ ಹೋಗದೆ ನೇರ ರೇಡಿಯಂ ಅಂಗಡಿಗೆ ಹೋಗಿ ಆ ಹೆಸರು ಬರೆಸಿದ್ದ. ಆಮೇಲೆ ಬಿಸಿಲು, ಮಳೆ, ಧೂಳು. ಹಳದಿ ಮಾಸಿತು. ಅಲ್ಲಿ ಹೆಸರೊಂದಿದೆ ಎಂಬುದನ್ನೇ ಎಲ್ಲರೂ ಮರೆತರು, ಅವನೂ ಮರೆತ.

ಆಯುಧಪೂಜೆಯ ಹಿಂದಿನ ದಿನ ಅವನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಹೆಂಡತಿಯ ತವರಿನವರೆಲ್ಲ ಬಂದಿದ್ದರು. ಹಾಲೇಶನಿಗೆ ಹಿರಿಯನ ಜಾಗ ಹಾಕಿ ಕೂರಿಸಿದ್ದರು. ಊಟವಾಯಿತು, ಎಲೆ ಅಡಿಕೆ ಬಂತು. ಯಾರೋ ವ್ಯಾಪಾರ ಹೇಗಿದೆ ಎಂದು ಕೇಳಿದರು. ಹಾಲೇಶ ವ್ಯಾಪಾರಿಯ ಬೆನ್ನು ತಟ್ಟಿ ಹೇಳಿದ:

“ಇವನಿಗೆ ಹಿತ್ತಾಳೆ ಯಾವುದು, ತಾಮ್ರ ಯಾವುದು ಅಂತ ಕಲಿಸೋದ್ರೊಳಗೆ ನನ್ನ ತಲೆ ಬೆಳ್ಳಗಾತು ನೋಡ್ರಪ್ಪ.”

ಎಲ್ಲರೂ ನಕ್ಕರು. ಹೆಂಡತಿಯ ತಮ್ಮಂದಿರು ಬಿದ್ದು ಬಿದ್ದು ನಕ್ಕರು. ವ್ಯಾಪಾರಿಯೂ ನಕ್ಕ. ಆದರೆ ನಗೆ ಹಲ್ಲಿನಿಂದ ಒಳಕ್ಕೆ ಇಳಿಯಲಿಲ್ಲ. ತನ್ನ ಮನೆಯಲ್ಲಿ, ತನ್ನ ಮಗಳ ಕಾರ್ಯದಲ್ಲಿ, ಹೆಂಡತಿಯ ಕಡೆಯವರ ಎದುರಿಗೆ ತನ್ನನ್ನು ಎರಡು ಕಾಸಿಗೆ ಮಾಡಿದ ಎಂದುಕೊಂಡ. ಹಾಲೇಶ ಮಗುವಿನ ಕೆನ್ನೆ ಮುಟ್ಟಿ, ತನ್ನ ಊರಿನ ದಾರಿ ಹಿಡಿದ.

ಸಂಜೆ ವ್ಯಾಪಾರಿ ಅಂಗಳಕ್ಕೆ ಬಂದು ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಎಷ್ಟೋ ಕಾಲದ ಮೇಲೆ ಆ ಹೆಸರನ್ನು ಓದಿದ. ಉಗುರಿನಿಂದ ಕೀಳತೊಡಗಿದ. ಬಿಸಿಲಿಗೆ ಒಣಗಿದ ಅಕ್ಷರಗಳು ಚೂರು ಚೂರಾಗಿ ಬಂದವು. ಉಗುರಿನ ಸಂದಿಯಲ್ಲಿ ರಕ್ತ ಬಂದರೂ ಬಿಡಲಿಲ್ಲ. ಕೊನೆಯ ಚೂರು ಕಿತ್ತ ಮೇಲೆ ಟ್ಯಾಂಕು ಕಪ್ಪಗೆ ಕಂಡಿತು. ಪೀಡೆ ತೊಲಗಿತು ಎಂದುಕೊಂಡು ಎದ್ದ. ಕಿತ್ತದ್ದು ಅಕ್ಷರವನ್ನು ಮಾತ್ರ. ಅಂಟು ಅಲ್ಲೇ ಇತ್ತು. ಅಂಟಿಗೆ ಬಣ್ಣವಿಲ್ಲ, ಅದಕ್ಕೇ ಕಾಣಲಿಲ್ಲ.

ಮರುದಿನ ಆಯುಧಪೂಜೆ. ಗಾಡಿಗೆ ನೀರು ಹೊಯ್ದು ಬಿಸಿಲಿನಲ್ಲಿ ಒಣಗಿಸಿದ್ದಾಯಿತು. ಹ್ಯಾಂಡಲ್ಲಿಗೆ ಬಾಳೆಕಂದು ಕಟ್ಟಿದರು, ಚೆಂಡುಹೂವಿನ ಮಾಲೆ ಹಾಕಿದರು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಹೆಂಡತಿ ಗಾಡಿಯ ಮುಂದಿನ ದೀಪಕ್ಕೆ ವಿಭೂತಿ ಬಳಿದು, ಅರಿಸಿನ ಏರಿಸಿ, ಮಗಳು ಹುಟ್ಟಿದ ವರ್ಷವೆಂಬ ಸಡಗರಕ್ಕೆ ಕುಂಕುಮವನ್ನು ಮುಷ್ಟಿ ತುಂಬ ತೆಗೆದು ಟ್ಯಾಂಕಿನ ಮೇಲೆ ಸುರಿದಳು. ಮಂಗಳಾರತಿ ಎತ್ತಿದಳು. ಎಲ್ಲರೂ ಕೈ ಮುಗಿದು ನಿಂತರು. ಪದ್ಧತಿಯಂತೆ ವ್ಯಾಪಾರಿ ಗಾಡಿ ಹತ್ತಿ, ನಿಂಬೆಹಣ್ಣಿನ ಮೇಲೆ ಹಾಯಿಸಲೆಂದು ಕಿಕ್ಕರ್ ಒದ್ದ.

ಗಾಡಿ ನಡುಗಿತು. ಟ್ಯಾಂಕಿನ ಮೇಲಿನ ಸಡಿಲ ಕುಂಕುಮವೆಲ್ಲ ಜಾರಿ ಕೆಳಗೆ ಉದುರಿತು. ಅಂಟಿದ್ದಲ್ಲಿ ಮಾತ್ರ ನಿಂತಿತು. ಕಪ್ಪು ಟ್ಯಾಂಕಿನ ಮೇಲೆ, ಹೂವಿನ ಮಾಲೆಯ ನಡುವೆ, ಕೆಂಪಗೆ, ಒಂದು ಒತ್ತು ದೀರ್ಘವೂ ಬಿಡದಂತೆ ಎದ್ದು ಬಂತು: ಹಾಲೇಶಣ್ಣನ ಆಶೀರ್ವಾದ.

ಅತ್ತೆ ಭಕ್ತಿಯಿಂದ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಹೆಂಡತಿಯ ಹಿರಿಯ ತಮ್ಮ ಬಗ್ಗಿ ಓದಿ, “ಮಾವ, ಹಾಲೇಶಣ್ಣನಿಗೂ ಆರತಿ ಆತು ಬಿಡು” ಎಂದ. ಮತ್ತೆ ನಗೆ. ವ್ಯಾಪಾರಿ ನಿಂಬೆಹಣ್ಣಿನ ಮೇಲೆ ಗಾಡಿ ಹಾಯಿಸಿದವನು ನಿಲ್ಲಿಸಲೇ ಇಲ್ಲ. ಊರ ಹೊರಗಿನ ಕೆರೆಯ ಕಡೆ ಹೊರಟುಹೋದ. ಪೂಜೆಯ ಹೋಳಿಗೆ ತಣ್ಣಗಾಯಿತು.

ಕೆರೆಯ ನೀರಿನಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದ. ನೀರು ತಾಗಿದ ಕುಂಕುಮ ಅಂಟಿನೊಳಗೆ ಇಳಿಯಿತು. ಗಟ್ಟಿಯಾಗಿ ಒರೆಸಿದ. ಹೆಸರು ಇನ್ನೂ ಕೆಂಪಾಯಿತು. ಬಟ್ಟೆಯ ನವಿರೆಳೆಗಳೂ ಅದಕ್ಕೇ ಹತ್ತಿದವು.

ಅವನು ಹೆದರಲಿಲ್ಲ. ಅವನ ಕೈಯಲ್ಲಿ ವಿದ್ಯೆ ಇತ್ತಲ್ಲ. ಮನೆಗೆ ಬಂದು ಹುಣಸೆಹಣ್ಣು ನೆನೆಸಿದ, ಒಲೆಯ ಬೂದಿ ಜರಡಿ ಹಿಡಿದ, ನಾರಿನ ಉಂಡೆ ಕಟ್ಟಿದ. ಹಿತ್ತಾಳೆಯ ಹಂಡೆಯನ್ನು ಹೇಗೆ ಉಜ್ಜುತ್ತಿದ್ದನೋ ಹಾಗೆಯೇ ಟ್ಯಾಂಕನ್ನು ಉಜ್ಜಿದ. ಹಿತ್ತಾಳೆ ಮೇಲೂ ಹಿತ್ತಾಳೆ, ಒಳಗೂ ಹಿತ್ತಾಳೆ. ಎಷ್ಟು ಉಜ್ಜಿದರೂ ತಾನೇ ಬರುತ್ತದೆ. ಟ್ಯಾಂಕಿನ ಕಪ್ಪು ಬರೀ ಮೇಲಿನ ಪದರ. ಅದು ಅವನ ತಲೆಗೆ ಹೊಳೆಯಲೇ ಇಲ್ಲ. ಅಕ್ಷರದ ಸುತ್ತಲ ಹೊಳಪು ಹೋಗಿ ಬೂದಿಬಣ್ಣ ಬಂತು. ಅಂಟು ಜಗ್ಗಲಿಲ್ಲ.

ಹೆಂಡತಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದು, ಹಳೆಯ ಪಂಚೆಯ ತುಂಡು ಅದರಲ್ಲಿ ಅದ್ದಿ, ಹೆಸರಿನ ಮೇಲೆ ಹಾಸಿದಳು.

“ಇದನ್ನ ಮುಟ್ಟಬ್ಯಾಡ್ರಿ. ಉಂಡು, ಒಂದು ನಿದ್ದಿ ಮಾಡಿ ಏಳ್ರಿ. ಎಣ್ಣಿ ಕುಡಿದು ಅಂಟು ಮೆತ್ತಗಾಗ್ತತಿ. ಆಮೇಲೆ ಒರೆಸಿದ್ರೆ ಬರ್ತತಿ.”

ಅವನಿಗೆ ಊಟ ಸೇರಲಿಲ್ಲ, ನಿದ್ದೆಯಂತೂ ದೂರದ ಮಾತು. ಅನ್ನ ಕಲಸಿಟ್ಟು ಹೊರಗೆ ಬಂದು ಬಟ್ಟೆ ಎತ್ತಿ ನೋಡಿದ. ಒಳಗೆ ಹೋದ, ಮತ್ತೆ ಬಂದು ಎತ್ತಿ ನೋಡಿದ. ನೋಡಿದಾಗಲೆಲ್ಲ ಬೆರಳಿನಿಂದ ಕೆರೆದ. ಮೆತ್ತಗಾಗುತ್ತಿದ್ದ ಅಂಟು ಅವನು ಕೆರೆದಾಗಲೆಲ್ಲ ಅತ್ತಿತ್ತ ಹರಡಿಕೊಂಡಿತು. ಅವನ ಕೈ ತಲುಪದೆ ಇದ್ದದ್ದು ತುದಿಯ ‘ಹಾ’ ಅಕ್ಷರ ಒಂದೇ. ಬಟ್ಟೆಯ ಮಡಿಕೆಯ ಕೆಳಗೆ ಸಿಕ್ಕಿಕೊಂಡಿದ್ದ ಅದು, ಹೆಂಡತಿ ಬಂದು ಮೆಲ್ಲಗೆ ಒರೆಸಿದಾಗ, ಅಲ್ಲಿ ಏನೂ ಇರಲೇ ಇಲ್ಲವೆಂಬಂತೆ ಹೋಯಿತು. ಉಳಿದದ್ದು ಲೇಶಣ್ಣನ ಆಶೀರ್ವಾದ.

ಇಲ್ಲಿಗೆ ಬಂದಾಗ ರೇವಣಸಿದ್ಧನ ಮುಖ ಅರಳಿತು. “ಅರ್ಥವಾಯಿತು ಅಜ್ಜಾರೆ. ಕಾಯಬೇಕು. ಅವಸರ ಮಾಡಬಾರದು. ಕಾಲವೇ ಎಣ್ಣೆ.”

“ಬೇಗ ಅರ್ಥವಾಗುವುದೇ ನಿನ್ನ ರೋಗ” ಎಂದರು ಅಜ್ಜಾರು. “ಕತೆ ಇನ್ನೂ ಅರ್ಧದಲ್ಲಿದೆ. ಕೂತುಕೋ.”

ಒಂದು ಅಕ್ಷರ ಹೋದದ್ದನ್ನು ಕಣ್ಣಾರೆ ಕಂಡವನು ಉಳಿದವುಗಳಿಗೂ ಕಾಯಬಹುದಿತ್ತು. ಹೆಂಡತಿ ಮತ್ತೆ ಎಣ್ಣೆ ಬೆಚ್ಚಗೆ ಮಾಡಲು ಹೊರಟೂ ಇದ್ದಳು. ಅವನು ಬೇಡವೆಂದ. ಎಣ್ಣೆ ಹಾಕಿ ಕೈ ಕಟ್ಟಿ ಕೂರುವುದು ಅವನಿಗೆ ಅಪಮಾನದಂತೆ ಕಂಡಿತು. ಅವನ ಸಿಟ್ಟಿಗೆ ಕೈತುಂಬ ಕೆಲಸ ಬೇಕಿತ್ತು. ಅಂಗಡಿಗೆ ಹೋಗಿ ಪೇಂಟಿಗೆ ಬೆರೆಸುವ ಥಿನ್ನರ್ ತಂದ, ಬಟ್ಟೆಗೆ ಸುರಿದುಕೊಂಡು ಉಜ್ಜಿದ. ಈ ಸಲ ಅಂಟು ಬಂತು. ಅಂಟಿನ ಜೊತೆಗೆ ಕಪ್ಪು ಬಣ್ಣವೂ ಬಂತು. ಬಟ್ಟೆ ಕಪ್ಪಾಯಿತು, ಕೈ ಕಪ್ಪಾಯಿತು, ಟ್ಯಾಂಕಿನ ಮೇಲೆ ಅಂಗೈ ಅಗಲದ ಉದ್ದನೆಯ ಪಟ್ಟಿಯಲ್ಲಿ ಬೆತ್ತಲೆ ತಗಡು ಕಾಣಿಸಿತು.

ಅವನಿಗೆ ದುಃಖವಾಗಲಿಲ್ಲ. ಹೆಸರಂತೂ ಹೋಯಿತಲ್ಲ ಎಂದುಕೊಂಡ.

ಹಬ್ಬ ಮುಗಿದು ಮತ್ತೆ ತಿರುಗಾಟಕ್ಕೆ ಹೊರಟ. ಮೊದಲ ಹಳ್ಳಿಯಲ್ಲೇ ಒಬ್ಬ ಹೆಂಗಸು ಕೊಡದ ಬಾಯಿ ನೋಡುವುದನ್ನು ಬಿಟ್ಟು ಟ್ಯಾಂಕು ನೋಡಿದಳು. ಅಷ್ಟು ವರ್ಷ ಆ ಹೆಸರನ್ನು ಓದದಿದ್ದವಳು ಅದು ಇಲ್ಲದ ಜಾಗವನ್ನು ಮಾತ್ರ ಥಟ್ಟನೆ ಕಂಡಳು.

“ಇಲ್ಲೇನಿತ್ತಪ್ಪ?”

“ಏನಿಲ್ಲಮ್ಮ, ಒಂದು ಸ್ಟಿಕ್ಕರ್.”

“ಯಾವ ಸ್ಟಿಕ್ಕರ್?”

“ಒಬ್ಬರ ಹೆಸರು.”

“ಯಾರದ್ದು? ಯಾಕ ತೆಗೆದಿ?”

ಹೇಳದಿದ್ದರೆ ಕಳ್ಳನಂತೆ ಕಾಣುತ್ತೇನೆ ಎನಿಸಿತು. ಹೇಳಿದ. ಹಾಲೇಶ ಆಡಿದ ಮಾತನ್ನೂ ಹೇಳಬೇಕಾಯಿತು, ಇಲ್ಲದಿದ್ದರೆ ಸಿಟ್ಟಿಗೆ ಕಾರಣ ತಿಳಿಯುವುದಿಲ್ಲ. ಅವಳು ಅಯ್ಯೋ ಎನ್ನುತ್ತಾಳೆ ಎಂದು ಕಾದ. ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು.

ಎರಡನೆಯ ಹಳ್ಳಿಯಲ್ಲೂ ಕೇಳಿದರು. ಮೂರನೆಯದರಲ್ಲಿ ಯಾರೂ ಕೇಳುವ ಮೊದಲೇ ಅವನೇ ಶುರು ಮಾಡಿದ. ಹೇಳುತ್ತಾ ಹೇಳುತ್ತಾ ಅವನಿಗೆ ಅದು ಬಾಯಿಪಾಠವಾಯಿತು. ಹಾಲೇಶ ಆ ಮಾತನ್ನು ಒಂದು ಸಲ, ಒಂದು ಜಗಲಿಯಲ್ಲಿ ಆಡಿದ್ದ. ಇವನು ಅದನ್ನು ಗಾಡಿಯ ಮೇಲೆ ಹೇರಿಕೊಂಡು ಊರೂರಿಗೆ ಒಯ್ದ. ಅಲ್ಲಿಂದ ಮುಂದೆ ಅವನು ಹೋದಲ್ಲೆಲ್ಲ ಹೆಂಗಸರು ಚೊಂಬು ಎತ್ತಿ ಹಿಡಿದು, “ಇದು ಹಿತ್ತಾಳೇನೋ ತಾಮ್ರಾನೋ, ಯಾರನ್ನಾದ್ರೂ ಕೇಳ್ಕಂಡು ಬಾರಪ್ಪ” ಎನ್ನತೊಡಗಿದರು. ತಮಾಷೆಗೆ ಅಂದರು. ಆದರೆ ಅಂದ ಮೇಲೆ ಚೊಂಬನ್ನು ಇನ್ನೊಂದು ಸಲ ತಿರುವಿ ನೋಡಿದರು. ಮೊದಲು ಅವನ ಮಾತಿನ ಮೇಲೆ ಕಣ್ಣು ಮುಚ್ಚಿ ಕೊಳ್ಳುತ್ತಿದ್ದವರು ಈಗ ಪಕ್ಕದ ಮನೆಯವಳನ್ನು ಕರೆದು ತೋರಿಸುತ್ತಿದ್ದರು. ಆ ಮಾತು ಅವನ ಅನ್ನಕ್ಕೇ ಬಂದು ತಾಗಿತು. ಅದಕ್ಕೂ ಅವನು ಹಾಲೇಶನನ್ನೇ ಬೈದ.

ಹಾಲೇಶನ ಊರು ಅವನು ತಿರುಗುವ ದಾರಿಯಲ್ಲೇ ಇತ್ತು. ಅದನ್ನು ತಪ್ಪಿಸಲು ಹೊಲದ ನಡುವಿನ ಕಲ್ಲುದಾರಿ ಹಿಡಿದು ಸುತ್ತು ಹಾಕಿಕೊಂಡು ಹೋಗುತ್ತಿದ್ದ. ಆ ದಾರಿಯಲ್ಲಿ ಪಾತ್ರೆಗಳು ಒಂದಕ್ಕೊಂದು ಬಡಿದು ನೆಗ್ಗುತ್ತಿದ್ದವು. ಸುತ್ತು ಹಾಕಿದಷ್ಟು ಹೊತ್ತೂ, ಎದುರಿಗೆ ಸಿಕ್ಕರೆ ಏನೇನು ಬೈಯಬೇಕು ಎಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದ. ಒಮ್ಮೊಮ್ಮೆ ಗಾಡಿಯ ಮೇಲೆ ಒಬ್ಬನೇ ಜೋರಾಗಿ ಬೈಯುತ್ತಿದ್ದ. ಮನೆಗೆ ಬಂದರೆ ಆ ತಗಡಿಗೆ ತುಕ್ಕು ಹಿಡಿಯಿತೇ ಎಂದು ನೋಡುತ್ತಿದ್ದ. ಹಿಡಿದಿದ್ದರೆ ಅದನ್ನೂ ಉಜ್ಜುತ್ತಿದ್ದ. ಮಗಳು ಮೊದಲ ಸಲ ಮಗ್ಗುಲು ಹೊರಳಿದ್ದನ್ನು ಹೆಂಡತಿ ಕರೆದು ತೋರಿಸಿದಾಗಲೂ ಅವನ ಕೈಯಲ್ಲಿ ಬಟ್ಟೆ ಇತ್ತು.

ಚಳಿ ಬೀಳುವ ಹೊತ್ತಿಗೆ ಒಂದು ಬೆಳಿಗ್ಗೆ ಹಾಲೇಶನೇ ಬಂದ. ಮಗುವಿಗೆ ಅನ್ನ ತಿನ್ನಿಸುವ ಕಾಲ ಬಂತೆಂದು ಒಂದು ಪುಟ್ಟ ಕಂಚಿನ ಬಟ್ಟಲು ತಂದಿದ್ದ. ಅದನ್ನು ವ್ಯಾಪಾರಿಯ ಹೆಂಡತಿಯ ಕೈಗೆ ಕೊಟ್ಟು ಅಂಗಳಕ್ಕೆ ಬಂದವನು ಗಾಡಿ ನೋಡಿದ.

“ಏನಲೇ ತಮ್ಮಾ, ಟ್ಯಾಂಕಿಗೆ ಏನಾತು?”

ವ್ಯಾಪಾರಿ ಕಾಯುತ್ತಿದ್ದದ್ದು ಇದಕ್ಕೇ. “ನೀನು ಅವತ್ತು ಅಂದ ಮಾತಿಗೆ ಹಿಂಗಾತು” ಎಂದ.

“ಯಾವತ್ತು? ನಾನೇನಂದೆ?”

ಹಾಲೇಶನಿಗೆ ನಿಜವಾಗಿಯೂ ನೆನಪಿರಲಿಲ್ಲ. ಅದು ಅವನ ಮುಖದಲ್ಲೇ ವ್ಯಾಪಾರಿಗೆ ಕಂಡಿತು. ಊರೂರಲ್ಲಿ ನೀರು ಕುಡಿದಷ್ಟು ಸುಲಭವಾಗಿ ಹೇಳುತ್ತಿದ್ದ ಮಾತು ಇಲ್ಲಿ ತುಂಡು ತುಂಡಾಗಿ ಬಂತು. ಹೇಗೋ ಹೇಳಿ ಮುಗಿಸಿದ. ಹಾಲೇಶನ ತುಟಿಯಲ್ಲಿ ನಗೆ ಹುಟ್ಟಿತು, ಇವನ ಮುಖ ನೋಡಿ ಅಲ್ಲೇ ನಿಂತಿತು. ಅವನು ಬಗ್ಗಿ, ಬಣ್ಣ ಹೋದ ತಗಡಿನ ಮೇಲೆ ಅಂಗೈ ಇಟ್ಟ.

“ನಾನು ಹಂಗ ಅನ್ನಬಾರದಿತ್ತು. ನಿನ್ನ ಮನೆ, ನಿನ್ನ ಬೀಗರು. ತಪ್ಪಾತು” ಎಂದ. ಆಮೇಲೆ ಕೇಳಿದ: “ಆದ್ರೆ ಇಷ್ಟು ದಿನ ಈ ತಗಡು ಉಜ್ಜಿದೆಯಲ್ಲಪ್ಪ, ಒಂದು ದಿನ ನನ್ನ ಮನೆಗೆ ಬಂದು ಬೈಯಬಾರದಿತ್ತಾ?”

ವ್ಯಾಪಾರಿ ಬಾಯಿ ತೆರೆದ. ಕಲ್ಲುದಾರಿಯಲ್ಲಿ ಜೋಡಿಸಿಟ್ಟಿದ್ದ ಬೈಗುಳಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ಅದನ್ನು ಅಡಗಿಸಲು ಆಚೆ ತಿರುಗಿ, “ಊಟ ಮಾಡ್ಕಂಡು ಹೋಗಣ್ಣ” ಎಂದ.

ಅಜ್ಜಾರು ನಿಲ್ಲಿಸಿದರು.

ರೇವಣಸಿದ್ಧ ಕಾದ. ಮುಂದೆ ಏನಾದರೂ ಬರುತ್ತದೆ ಎಂದು ಅವರ ಬಾಯಿಯನ್ನೇ ನೋಡಿದ. ಬರಲಿಲ್ಲ.

“ಟ್ಯಾಂಕು ಏನಾಯಿತು ಅಜ್ಜಾರೆ?”

“ಏನಾಗುತ್ತದೆ? ಹಾಗೇ ಇತ್ತು. ಆಮೇಲೆ ಅವನು ಅದನ್ನು ನೋಡಲಿಲ್ಲ.”

ರೇವಣಸಿದ್ಧನಿಗೆ ಸಮಾಧಾನವಾಗಲಿಲ್ಲ. ಎದ್ದು ನಿಂತ, ಕುಳಿತ, ಕೆಳಗಿಟ್ಟಿದ್ದ ಜಪಮಾಲೆಯ ಕಡೆ ಕೈ ಚಾಚಿದ. “ಕತೆ ಅವನದ್ದಾಯಿತು. ನನ್ನದು ಹಾಗೇ ಉಳಿಯಿತಲ್ಲ. ನಾನು ನಾಳೆಯಿಂದ ಯಾವ ಮಂತ್ರ ಹಿಡಿಯಲಿ?”

ಅಜ್ಜಾರು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಎದ್ದರು.

“ನಿನ್ನ ಹಾಲೇಶನ ಊರಿಗೆ ಬಸ್ಸು ಎಷ್ಟು ಹೊತ್ತಿಗಿದೆ?”